ಮಳೆಗೆ ನಿಂತವರು, ದಸರಾಕ್ಕೆ ಹೊರಟವರು: ನಾಸಿಕ್‌ನಿಂದ ಪೈಠಣದವರೆಗೆ ಒಂದು ಕ್ಯಾಲೆಂಡರ್ ಕಥೆ

ವಿಡಿಯೋ ನೋಡೋಕೆ ಟೈಮ್ ಇಲ್ಲ, ಕ್ಯಾಬ್‌ನಲ್ಲಿ ಓದ್ಕೊಂಡು ಹೋಗ್ತೀವಿ ಅನ್ನೋರಿಗೆ ಎಂದಿನಂತೆ ಬರಹ ರೂಪ ಇಲ್ಲಿದೆ.

ಪುಣೆ, ನಾಸಿಕ್ ಕಡೆ ಕೆಲಸಕ್ಕೆ ಬಂದ ನಮ್ಮಂಥವರಿಗೆ ಹಬ್ಬ ಅಂದ್ರೆ ಎಚ್‌ಆರ್ ಕಳಿಸೋ ರಜೆ ಪಟ್ಟಿ. ಅದರಲ್ಲಿ ದಸರಾ ಇರತ್ತೆ. ಆದರೆ ಅದು ಯಾಕೆ ಆ ಹೊತ್ತಿಗೇ ಬರತ್ತೆ ಅಂತ ಪಟ್ಟಿ ಹೇಳಲ್ಲ. ಇವತ್ತು ಆ ‘ಯಾಕೆ’ ಹಿಂದೆ ಹೋಗೋಣ. ಸ್ವಲ್ಪ ದೂರದಿಂದ ಶುರು ಮಾಡ್ತೀನಿ, ಸರ್ಬಿಯಾದಿಂದ.

ಸರ್ಬಿಯಾದ ಹಳ್ಳಿಗಳಲ್ಲಿ ವರ್ಷವನ್ನು ಎರಡಾಗಿ ಸೀಳುವ ಎರಡು ಹಬ್ಬಗಳಿವೆ. ಮೇ 6ರ ಜುರ್ಜೆವ್‌ದಾನ್, ಅಂದರೆ ಸಂತ ಜಾರ್ಜನ ದಿನ. ನವೆಂಬರ್ 8ರ ಮಿತ್ರೊವ್‌ದಾನ್, ಅಂದರೆ ಸಂತ ದಿಮಿತ್ರಿಯ ದಿನ. ಹೆಸರು ಸಂತರದ್ದು, ಕೆಲಸ ಋತುವಿನದ್ದು. ಮೊದಲನೆಯದಕ್ಕೆ ಕಾಡು ಹಸಿರಾಗತ್ತೆ, ಕುರಿ ಬೆಟ್ಟಕ್ಕೆ ಹೊರಡುತ್ತೆ, ತುರ್ಕರ ವಿರುದ್ಧ ಕಾದಾಡುತ್ತಿದ್ದ ‘ಹೈದುಕ್’ ಬಂಡುಕೋರರು ಕಾಡಿನಲ್ಲಿ ಸೇರ್ತಿದ್ರು. ಎರಡನೆಯದಕ್ಕೆ ಎಲೆ ಉದುರಿ ಮರೆ ಹೋಗತ್ತೆ, ಹಿಮ ಬರತ್ತೆ, ಅವರು ಚದುರಿ ಹೋಗ್ತಿದ್ರು. ಅಲ್ಲಿ ಎಲ್ಲರನ್ನೂ ನಿಲ್ಲಿಸೋದು ಚಳಿ.

ನಮ್ಮಲ್ಲಿ ನಿಲ್ಲಿಸೋದು ಮಳೆ. ಇದಕ್ಕೆ ಕಲ್ಲಿನ ಮೇಲೆ ಬರೆದ ಸಾಕ್ಷಿ ನಾಸಿಕ್‌ನಲ್ಲೇ ಇದೆ.

ಊರಿನಿಂದ ಮುಂಬೈ ಕಡೆ ಹೋಗುವಾಗ ಪಾಂಡವಲೇಣಿ ಗುಡ್ಡ ಸಿಗತ್ತೆ. ಅಲ್ಲಿನ 10ನೇ ಗುಹೆಯಲ್ಲಿ ಕ್ಷಹರಾತ ದೊರೆ ನಹಪಾನನ ಅಳಿಯ ಉಷವದಾತನ ಶಾಸನಗಳಿವೆ, ಸುಮಾರು 1900 ವರ್ಷ ಹಳೆಯವು. ಒಂದರಲ್ಲಿ ಅವನು 3000 ಕಾರ್ಷಾಪಣಗಳನ್ನು ಗೋವರ್ಧನದ ನೇಕಾರರ ಎರಡು ಸಂಘಗಳಲ್ಲಿ ಠೇವಣಿ ಇಡ್ತಾನೆ. ಅಸಲು ಮುಟ್ಟುವಂತಿಲ್ಲ, ಬಡ್ಡಿ ಮಾತ್ರ. 2000ಕ್ಕೆ ತಿಂಗಳಿಗೆ ನೂರಕ್ಕೆ ಒಂದರಂತೆ ಬಡ್ಡಿ. ಅದರಿಂದ ಈ ಗುಹೆಯಲ್ಲಿ ಮಳೆಗಾಲ ಕಳೆಯುವ 20 ಭಿಕ್ಷುಗಳಿಗೆ ತಲಾ 12 ಕಾರ್ಷಾಪಣ ಬಟ್ಟೆ ಖರ್ಚು. ಲೆಕ್ಕ ಹಾಕಿ: ವರ್ಷಕ್ಕೆ 240 ಬಡ್ಡಿ, 20 ಜನಕ್ಕೆ 12ರಂತೆ 240. ಒಂದು ಪೈಸೆ ಆಚೀಚೆ ಇಲ್ಲ! ಉಳಿದ 1000ದ ಬಡ್ಡಿ ಮುಕ್ಕಾಲು, ಅದು ಇತರ ಖರ್ಚಿಗೆ.

ಸುತ್ತಾಡುವ ಭಿಕ್ಷುಗಳು ಮಳೆಗಾಲದಲ್ಲಿ ಒಂದೇ ಕಡೆ ನಿಲ್ಲುವ ಪದ್ಧತಿಗೆ ‘ವಸ್ಸ’ ಅಂತಾರೆ. ದಾರಿ ಕೆಸರು, ಹೊಳೆ ದಾಟೋಕಾಗಲ್ಲ, ನೆಲದ ತುಂಬ ಚಿಗುರು, ಹುಳಹುಪ್ಪಟೆ. ಮಳೆ ಮುಗಿದ ಮೇಲೆ ಅವರಿಗೆ ಹೊಸ ವಸ್ತ್ರ ಕೊಡೋದು ಇವತ್ತಿಗೂ ಬೌದ್ಧರ ಹಬ್ಬ. ಜೈನ ಮುನಿಗಳದ್ದೂ ಚಾತುರ್ಮಾಸ. ನಮ್ಮ ಮಠಗಳ ಸ್ವಾಮಿಗಳದ್ದೂ ಅದೇ. ಆಷಾಢ ಏಕಾದಶಿಗೆ ವಿಷ್ಣು ಮಲಗಿ ಕಾರ್ತಿಕ ಏಕಾದಶಿಗೆ ಏಳ್ತಾನೆ ಅನ್ನೋದೂ ಈ ನಾಲ್ಕು ತಿಂಗಳ ಲೆಕ್ಕವೇ. ದೇವರು ಬೇರೆ, ಗುರು ಬೇರೆ, ಕೆಸರು ಮಾತ್ರ ಎಲ್ಲರಿಗೂ ಒಂದೇ.

ಅದೇ ಗುಹೆಯ ಇನ್ನೊಂದು ಶಾಸನದಲ್ಲಿ ಉಷವದಾತ, ಮಳೆಗಾಲದಲ್ಲಿ ಮಾಲಯರು ಮುತ್ತಿಗೆ ಹಾಕಿದ್ದ ಉತ್ತಮಭದ್ರರ ನಾಯಕನನ್ನು ಬಿಡಿಸಲು ಹೋದೆ ಅಂತ ಹೇಳ್ಕೊಳ್ತಾನೆ. ಯುದ್ಧದ ಸುದ್ದಿಯಲ್ಲೂ ಋತುವಿನ ಹೆಸರು ಬಂದಿದೆ ನೋಡಿ.

ಈಗ ನಮ್ಮವರ ಕಡೆ ಬರೋಣ. ನಾಸಿಕ್ ಜಿಲ್ಲೆಯ ವಣಿ-ದಿಂಡೋರಿಯ ತಾಮ್ರಪಟ ರಾಷ್ಟ್ರಕೂಟ ಮೂರನೆಯ ಗೋವಿಂದನದು, 9ನೇ ಶತಮಾನದ ಆರಂಭದ್ದು. ಗೋವಿಂದ ವಿಂಧ್ಯದ ಕಡೆ ದಂಡೆತ್ತಿ ಹೋದಾಗ ಶ್ರೀಭವನ ಎಂಬಲ್ಲಿ ಬೀಡುಬಿಟ್ಟು ಮಳೆಗಾಲ ಕಳೆದ, ಆಮೇಲೆ ಸೈನ್ಯ ಸಮೇತ ತುಂಗಭದ್ರೆಯ ದಡಕ್ಕೆ ನಡೆದ ಅಂತ ಅದರಲ್ಲಿದೆ. ಎಲ್ಲೋರದ ಕೈಲಾಸವನ್ನು ಕೊರೆಸಿದ ಮನೆತನದ ದೊರೆ, ನರ್ಮದೆಯಿಂದ ತುಂಗಭದ್ರೆವರೆಗೆ ಆಳಿದವನು, ಮಳೆಗೆ ತಲೆಬಾಗಿ ಕಾಯಲೇಬೇಕಾಯ್ತು.

ಇಷ್ಟು ಹಿನ್ನೆಲೆ ಇಟ್ಟುಕೊಂಡು ದಸರಾ ನೋಡಿ. ‘ಸೀಮೋಲ್ಲಂಘನ’ ಅಂದರೆ ಗಡಿ ದಾಟೋದು. ಮಳೆ ಹಿಂದೆ ಸರಿದು, ಹೊಳೆ ಇಳಿದು, ಕುದುರೆಗೆ ಮೇವು ಬೆಳೆದು ನಿಂತ ಹೊತ್ತಿಗೆ ಮರಾಠರ ದಂಡು ಹೊರಡುತ್ತಿತ್ತು. ವಿಜಯನಗರದ ಮಹಾನವಮಿಯನ್ನು 1520ರ ಸುಮಾರಿಗೆ ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೋ ಪಾಯಸ್ ಕೂಡ ಹಬ್ಬದ ಜೊತೆಗೆ ರಾಜ ಸೈನ್ಯ ಪರಿಶೀಲಿಸಿದ್ದನ್ನು ಬರೆದಿದ್ದಾನೆ. ಮಹಾರಾಷ್ಟ್ರದಲ್ಲಿ ‘ಚಿನ್ನ’ ಅಂತ ಹಂಚೋದು ಆಪ್ಟ ಮರದ ಎಲೆ, ನಮ್ಮಲ್ಲಿ ಬನ್ನಿ. ಹೈದುಕರಿಗೆ ಎಲೆ ಅಡಗಿಕೊಳ್ಳೋ ಮರೆಯಾಗಿತ್ತು, ಇಲ್ಲಿ ಅದೇ ಎಲೆ ಲೂಟಿ ಚಿನ್ನದ ಗುರುತು.

ರೈತನ ಕ್ಯಾಲೆಂಡರ್ ಇನ್ನೂ ಸೂಕ್ಷ್ಮ. ಉತ್ತರ ಕರ್ನಾಟಕದವರಿಗೆ ಕಾರಹುಣ್ಣಿಮೆ ಗೊತ್ತೇ ಇರತ್ತೆ. ಜ್ಯೇಷ್ಠದ ಹುಣ್ಣಿಮೆಗೆ ಎತ್ತುಗಳನ್ನು ಸಿಂಗರಿಸಿ ಕರಿ ಹರೀತಾರೆ. ಯಾವ ಬಣ್ಣದ ಎತ್ತು ಮುಂದೆ ಬಂತು ಅನ್ನೋದರ ಮೇಲೆ ಯಾವ ಬೆಳೆ ಚೆನ್ನಾಗಿ ಬರತ್ತೆ ಅಂತ ಹೇಳ್ತಾರೆ. ನಾಸಿಕ್, ಸಂಭಾಜಿನಗರದ ಕಡೆ ಅದೇ ಎತ್ತಿನ ಹಬ್ಬ ‘ಪೋಳಾ’, ಆದರೆ ಶ್ರಾವಣದ ಅಮಾವಾಸ್ಯೆಗೆ, ಎರಡೂವರೆ ತಿಂಗಳು ತಡ. ಕಾರಹುಣ್ಣಿಮೆ ಬಿತ್ತನೆಯ ಹೊಸ್ತಿಲಲ್ಲಿ ಬರತ್ತೆ, ‘ಇನ್ಮೇಲೆ ದುಡೀಬೇಕಪ್ಪಾ’ ಅಂತ ಎತ್ತಿಗೆ ಹೇಳೋ ಹಾಗೆ. ಪೋಳಾ ಬಿತ್ತನೆ, ಎಡೆ ಹೊಡೆಯೋದು ಮುಗಿದ ಮೇಲೆ ಬರತ್ತೆ, ‘ದುಡಿದೆಯಲ್ಲ, ಸುಧಾರಿಸ್ಕೋ’ ಅಂತ. ನೊಗ ಹೊತ್ತ ಹೆಗಲಿಗೆ ಅರಿಸಿನ, ತುಪ್ಪ ಸವರೋದು ಅದಕ್ಕೇ. ಕೊಲ್ಹಾಪುರ, ಸಾಂಗ್ಲಿ ಕಡೆ ಈ ಹಬ್ಬದ ಹೆಸರು ಬೆಂದೂರ್. ಮರಾಠಿ ಕ್ಯಾಲೆಂಡರ್ ತೆಗೆದು ನೋಡಿ, ಜ್ಯೇಷ್ಠ ಹುಣ್ಣಿಮೆಯ ಆಸುಪಾಸಿನಲ್ಲಿ ‘ಕರ್ನಾಟಕಿ ಬೆಂದೂರ್’ ಅಂತ ಬೇರೆಯೇ ಹಾಕಿರ್ತಾರೆ!

ಒಂದು ತಾಂತ್ರಿಕ ಪ್ರಶ್ನೆ ಉಳಿಯತ್ತೆ. ಚಾಂದ್ರಮಾನ ವರ್ಷಕ್ಕೆ 354 ದಿನ, ಸೂರ್ಯನ ವರ್ಷಕ್ಕಿಂತ 11 ದಿನ ಕಮ್ಮಿ. ಹಾಗೇ ಬಿಟ್ಟರೆ ದಸರಾ ಮಳೆಗಾಲದೊಳಗೆ ಜಾರಿಬಿಡತ್ತೆ. ಅದಕ್ಕೇ ಸುಮಾರು 32-33 ತಿಂಗಳಿಗೊಮ್ಮೆ ಅಧಿಕ ಮಾಸ. ಸರ್ವರ್ ಗಡಿಯಾರವನ್ನು ಆಗಾಗ ಸಿಂಕ್ ಮಾಡ್ತೀವಲ್ಲ, ಅದೇ. 2023ರಲ್ಲಿ ಅಧಿಕ ಶ್ರಾವಣ ಬಂತು, ದಸರಾ ಅಕ್ಟೋಬರ್ 24ಕ್ಕೆ ಹೋಯ್ತು. 2024ರಲ್ಲಿ 12ಕ್ಕೆ, 2025ರಲ್ಲಿ 2ಕ್ಕೆ. ಅತ್ತ ಸರ್ಬಿಯನ್ ಚರ್ಚು ಜೂಲಿಯನ್ ಪಂಚಾಂಗ ಬಿಟ್ಟಿಲ್ಲ, ಈಗ 13 ದಿನ ಹಿಂದಿದೆ. 2100ರಲ್ಲಿ ಅದು 14 ಆಗತ್ತೆ. ನಮ್ಮದು ವರ್ಷದಿಂದ ವರ್ಷಕ್ಕೆ ಆಚೀಚೆ ತೂಗಾಡತ್ತೆ, ಅವರದ್ದು ಒಂದೇ ದಿಕ್ಕಿಗೆ ನಿಧಾನವಾಗಿ ಜಾರತ್ತೆ. ನಮ್ಮ ರೈತ ಮಾತ್ರ ಬಿತ್ತನೆಗೆ ಹಬ್ಬವನ್ನು ನಂಬಲ್ಲ. ಮೃಗಶಿರಾ, ಆರಿದ್ರಾ ಅಂತ ಸೂರ್ಯನ ನಕ್ಷತ್ರದಲ್ಲೇ ಮಳೆ ಎಣಿಸ್ತಾನೆ. ಜೂನ್ 7-8ರ ಮೃಗಶಿರಾ ಪ್ರತಿ ವರ್ಷ ಅಲ್ಲೇ ಇರತ್ತೆ. ಹಬ್ಬಕ್ಕೆ ಚಂದ್ರ, ಬಿತ್ತನೆಗೆ ಸೂರ್ಯ.

ಇದೆಲ್ಲ ಹಳೇ ಕಥೆ ಅಂದ್ಕೋಬೇಡಿ. ನಾಸಿಕ್‌ನ ರಾಮಕುಂಡದ ಬಳಿ ದುತೋಂಡ್ಯಾ ಮಾರುತಿ ಇದ್ದಾನೆ. ಗೋದಾವರಿ ಅವನ ಮೊಣಕಾಲಿಗೆ ಬಂತಾ, ಸೊಂಟಕ್ಕೆ ಬಂತಾ, ಕುತ್ತಿಗೆಗೆ ಬಂತಾ ಅಂತ ಊರವರು ಪ್ರವಾಹ ಅಳೀತಾರೆ. ಆ ನೀರು ಕೆಳಗೆ ಸಂಭಾಜಿನಗರ ಜಿಲ್ಲೆಯ ಪೈಠಣಕ್ಕೆ, ಸಂತ ಏಕನಾಥರ ಹೆಸರಿನ ನಾಥಸಾಗರಕ್ಕೆ, ಅಂದರೆ ಜಾಯಕವಾಡಿ ಜಲಾಶಯಕ್ಕೆ ಹೋಗತ್ತೆ. ಮೇಲೆ ನಾಸಿಕ್, ಅಹಿಲ್ಯಾನಗರದ ಅಣೆಕಟ್ಟುಗಳು, ಕೆಳಗೆ ಮಳೆ ಕಮ್ಮಿಯ ಮರಾಠವಾಡ. ಜಲಸಂಪತ್ತು ನಿಯಂತ್ರಣ ಪ್ರಾಧಿಕಾರದ 2014ರ ಆದೇಶದ ಪ್ರಕಾರ, ಅಕ್ಟೋಬರ್ 15ಕ್ಕೆ ಜಾಯಕವಾಡಿಯಲ್ಲಿ 65% ನೀರಿಲ್ಲದಿದ್ದರೆ ಮೇಲಿನವರು ಬಿಡಬೇಕು. 2023ರ ನವೆಂಬರ್‌ನಲ್ಲಿ ಹಾಗೇ ಬಿಡಿಸಿದ್ರು, ಜಗಳವೂ ಆಯ್ತು. ಕಾವೇರಿ ನೋಡಿದ ನಮಗೆ ಈ ಜಗಳ ಅರ್ಥ ಮಾಡಿಸಬೇಕಾಗಿಲ್ಲ.

ಆ ಅಕ್ಟೋಬರ್ 15ನ್ನು ನಾನು ಹೊಸ ಕಾಲದ ಸೀಮೋಲ್ಲಂಘನ ಅಂತೀನಿ. ‘ಮಳೆ ಮುಗೀತು, ಈಗ ಕೈಲಿರೋದೆಷ್ಟು?’ ಅಂತ ಎಲ್ಲರೂ ಕೂತು ಎಣಿಸೋ ದಿನ. ಅವತ್ತು ಗಡಿ ದಾಟೋದು ಸೈನ್ಯ ಅಲ್ಲ, ನೀರು. ಆದರೆ ಹಬ್ಬಕ್ಕಿರುವ ಒಂದು ಗುಣ ಈ ತಾರೀಖಿಗಿಲ್ಲ. ದಸರಾದಲ್ಲಿ ಜಗಳವಾಡಿದವರೂ ಮನೆಗೆ ಬಂದು ಎಲೆ ಕೊಟ್ಟು ಹೋಗ್ತಾರೆ. ನೀರಿನ ಲೆಕ್ಕದ ದಿನ ಮೇಲಿನವರೂ ಕೆಳಗಿನವರೂ ಕೋರ್ಟಿಗೆ ಹೋಗ್ತಾರೆ.

ಮುಂದಿನ ಸಲ ಅಮ್ಮ ಫೋನಲ್ಲಿ ‘ಇವತ್ತು ಕಾರಹುಣ್ಣಿಮೆ ಕಣೋ’ ಅಂದಾಗ, ಮಳೆ ಬಂತಾ, ಬಿತ್ತನೆ ಆಯ್ತಾ ಅಂತ ಒಂದು ಮಾತು ಕೇಳಿ. ಹಬ್ಬ ಹುಟ್ಟಿದ್ದೇ ಆ ಪ್ರಶ್ನೆಯಿಂದ.