ಕುಮುದ್ವತೀ ನದಿಯ ನಾಮವಿಚಾರ

ಮಹಾನದಿಗಳಿಗೆ ಮಾಹಾತ್ಮ್ಯಗ್ರಂಥಗಳುಂಟು. ಸಣ್ಣ ಹೊಳೆಗಳಿಗಾದರೋ ಬಹುಮಟ್ಟಿಗೆ ಅವುಗಳ ಹೆಸರೇ ಚರಿತ್ರೆ. ತುಂಗಭದ್ರೆಯನ್ನು ಎಡಮಗ್ಗುಲಿನಿಂದ ಬಂದು ಸೇರುವ ಕುಮುದ್ವತಿಯನ್ನು ಕೆಲವರು ‘ಕುಮದ್ವತಿ’ ಎಂದೂ ಮತ್ತೆ ಕೆಲವರು ‘ಕುಮುದಾವತಿ’ ಎಂದೂ ಬರೆಯುತ್ತಿರುವುದನ್ನು ಕಂಡು ಈ ವಿಚಾರವನ್ನು ಭಕ್ತಮಹಾಶಯರ ಮುಂದಿಡಬೇಕೆನಿಸಿತು.

ಈ ನದಿಯು ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನಲ್ಲಿ ಹುಂಚದ ಸಮೀಪದ ಬೆಟ್ಟಗಳಲ್ಲಿ ಹುಟ್ಟುತ್ತದೆ. ಆ ಸೀಮೆಯಿಂದ ಪಶ್ಚಿಮಕ್ಕಿಳಿದ ನೀರು ಶರಾವತಿಯನ್ನು ಕೂಡಿ ಪಡುಗಡಲಿಗೆ ಹೋಗುವುದು. ನಮ್ಮ ಹೊಳೆಯು ಮೂಡಲದ ಕಡೆಗೆ ತಿರುಗಿ, ಚೋರಡಿಯನ್ನು ದಾಟಿ, ಶಿಕಾರಿಪುರದ ಸೀಮೆಯಲ್ಲಿ ಅಂಜನಾಪುರದ ಜಲಾಶಯವನ್ನು ತುಂಬಿ, ಮಾಸೂರಿನ ಬಳಿ ಮದಗದ ಕೆರೆಯನ್ನು ಹೊಕ್ಕು, ರಟ್ಟೀಹಳ್ಳಿಯ ಮಾರ್ಗವಾಗಿ ಹರಿದು, ರಾಣೇಬೆನ್ನೂರು ತಾಲ್ಲೂಕಿನ ಮುದೇನೂರಿನ ಹತ್ತಿರ ತುಂಗಭದ್ರೆಯಲ್ಲಿ ಐಕ್ಯವಾಗುತ್ತದೆ. ಇದರ ಕೆಳಭಾಗವು ಮೊದಲು ಧಾರವಾಡ ಜಿಲ್ಲೆಗೆ ಸೇರಿದ್ದು, 1997ರಿಂದ ಹಾವೇರಿ ಜಿಲ್ಲೆಯಲ್ಲಿದೆ. ಅಕ್ಕಮಹಾದೇವಿಯವರ ಉಡುತಡಿಯೂ, ಸರ್ವಜ್ಞನ ಹೆಸರಿನೊಡನೆ ಹೆಣೆದುಕೊಂಡಿರುವ ಮಾಸೂರೂ ಈ ಸೀಮೆಯವೇ ಆದುದರಿಂದ ಶರಣಭಕ್ತರಿಗೆ ಇದು ಪರಿಚಿತವಾದ ನೆಲವೇ ಸರಿ.

ಇನ್ನು ಹೆಸರಿನ ಮಾತು. ಕುಮುದವೆಂದರೆ ಬಿಳಿಯ ನೈದಿಲೆ. ಕುಮುದ, ನಡ, ವೇತಸ ಎಂಬ ಮೂರು ಶಬ್ದಗಳಿಗೆ, ಆ ವಸ್ತುಗಳುಳ್ಳ ಪ್ರದೇಶವೆಂಬ ಅರ್ಥದಲ್ಲಿ, ಪಾಣಿನಿಯು ತನ್ನ ನಾಲ್ಕನೆಯ ಅಧ್ಯಾಯದಲ್ಲಿ ಡ್ಮತುಪ್ ಎಂಬ ವಿಶೇಷ ಪ್ರತ್ಯಯವನ್ನು ವಿಧಿಸಿದ್ದಾನೆ. ಅದರ ಡಕಾರದ ಬಲದಿಂದ ಕುಮುದದ ಕೊನೆಯ ಅಕಾರವು ಲೋಪವಾಗಿ ‘ಕುಮುದ್ವತ್’ ಎಂದಾಗುವುದು, ಸ್ತ್ರೀಲಿಂಗದಲ್ಲಿ ಕುಮುದ್ವತೀ. ಅಮರಸಿಂಹನೂ ಕುಮುದಗಳು ಹೇರಳವಾಗಿರುವ ನೆಲಕ್ಕೆ ಈ ಶಬ್ದವನ್ನೇ ಹೇಳುತ್ತಾನೆ. ‘ಕುಮುದಾವತಿ’ ಎಂಬುದು ಅಮರಾವತಿ ಮುಂತಾದವುಗಳ ಅನುಕರಣದಿಂದ ಬಂದಿರಬೇಕು. ‘ಕುಮದ್ವತಿ’ಯಲ್ಲಾದರೋ ಒಂದು ಕೊಂಬು ಬಿದ್ದುಹೋಗಿ ಹೂವೇ ಮಾಯವಾಗಿದೆ!

ಇಲ್ಲಿ ಒಂದು ಶಂಕೆ ಹುಟ್ಟಬಹುದು. ರಭಸದಿಂದ ಹರಿಯುವ ನೀರಿನಲ್ಲಿ ನೈದಿಲೆ ಬೇರೂರದು. ಅದಕ್ಕೆ ಕೆಸರೂ ನಿಂತ ನೀರೂ ಬೇಕು. ಹಾಗಿರುವಲ್ಲಿ ಹೊಳೆಗೆ ಈ ಹೆಸರೇಕೆ? ಈ ಸೀಮೆಯನ್ನು ನೋಡಿದವರಿಗೆ ಉತ್ತರವು ಕಣ್ಣೆದುರಿಗೇ ಇದೆ. ಇದು ಕೆರೆಗಳ ನಾಡು. ವಿಜಯನಗರದ ಕಾಲದವರು ಗುಡ್ಡಗಳ ನಡುವಣ ಇಕ್ಕಟ್ಟಿಗೆ ಏರಿಯನ್ನು ಕಟ್ಟಿ ಈ ಹೊಳೆಯನ್ನೇ ತಡೆದು ಮದಗದ ಕೆರೆಯನ್ನು ಮಾಡಿದರು. ಬೆಟ್ಟದಲ್ಲಿ ಹುಟ್ಟಿದ ಹೊಳೆಗೆ ಕೆರೆಯ ಬಯಲಿನವರು ಹೆಸರಿಟ್ಟರೆಂಬುದು ನನ್ನ ಊಹೆ.

ಜನರ ರೂಢಿಯಾದರೋ ಬೇರೆ. ಶಿವಮೊಗ್ಗೆಯಿಂದ ಸಾಗರಕ್ಕೆ ಹೋಗುವ ದಾರಿಯಲ್ಲಿ ಹೊಳೆಯನ್ನು ದಾಟುವ ಊರು ಚೋರಡಿ; ಆದಕಾರಣ ಅದು ಚೋರಡಿ ಹೊಳೆ. ರೈಸ್ ಸಾಹೇಬರು 1897ರ ಮೈಸೂರು ಗ್ಯಾಸೆಟಿಯರಿನಲ್ಲಿ ಎರಡು ಹೆಸರನ್ನೂ ಕೊಟ್ಟಿರುವುದು ಯುಕ್ತವಾಗಿದೆ. ಊರಿನ ಹೆಸರು ಗ್ರಾಮ್ಯವೆಂದು ಅದನ್ನು ಅಳಿಸುವ ಪಂಡಿತರ ಪಕ್ಷ ನನ್ನದಲ್ಲ.

ಅದರಿಂದ ಒಂದು ಪ್ರಯೋಜನವೂ ಉಂಟು. ಶಿವಗಂಗೆಯ ಬೆಟ್ಟದಲ್ಲಿ ಹುಟ್ಟುವ ಮತ್ತೊಂದು ಕುಮುದ್ವತಿಯು ತಿಪ್ಪಗೊಂಡನಹಳ್ಳಿಯಲ್ಲಿ ಅರ್ಕಾವತಿಯನ್ನು ಸೇರುತ್ತದೆ. ಆ ಸಂಗಮದಲ್ಲಿ 1933ರಲ್ಲಿ ಬೆಂಗಳೂರಿನ ಕುಡಿಯುವ ನೀರಿಗಾಗಿ ಜಲಾಶಯವಾಯಿತು. ಆ ನೀರು ಕಾವೇರಿಯ ಪಾಲು, ಇದು ಕೃಷ್ಣೆಯ ಪಾಲು. ಎರಡನ್ನೂ ಒಂದೆಂದು ಭ್ರಮಿಸಿದವರಿಗೆ ಚೋರಡಿಯ ಹೆಸರೇ ಗುರುತು.