ಕಲ್ಲಿನ ಒಲೆಯ ಮುಂದೆ

ದಸರೆ ಕಳೆದ ಮೇಲೆ ಒಂದು ಶನಿವಾರ ನಾವು ನಾಲ್ವರು ಗೆಳತಿಯರು ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗಕ್ಕೆ ಹೊರಟೆವು. ಬೆಟ್ಟದ ಬುಡದಲ್ಲಿ ಪರಿಚಯದವರ ಅಡಿಕೆ ತೋಟದ ಅಂಚಿಗೆ ಡೇರೆ ಹಾಕಿ ರಾತ್ರಿ ಕಳೆಯುವುದು, ಭಾನುವಾರ ಬೆಳಿಗ್ಗೆ ಕೋಟೆ ಹತ್ತುವುದು ಎಂದು ನಮ್ಮ ಲೆಕ್ಕ. ಅಕ್ಕಿ, ಬೇಳೆ, ಚಟ್ನಿಪುಡಿ ಎಲ್ಲವನ್ನೂ ನಾಲ್ವರಿಗೆ ಎರಡು ಹೊತ್ತಿಗೆ ಸರಿಯಾಗಿ ಅಳೆದು ಕಟ್ಟಿಕೊಂಡವಳು ನಾನೇ.

ಸಂಜೆ ಮಳೆ ಹಿಡಿಯಿತು. ಒಲೆ ಹೊತ್ತಿಸುವುದೇ ಸಾಹಸವಾಯಿತು. ಅಷ್ಟರಲ್ಲಿ ಮೂವರು ಕಾಲೇಜು ಹುಡುಗಿಯರು ತೊಯ್ದು ತೊಪ್ಪೆಯಾಗಿ ಬಂದು ನಿಂತರು. ಕೋಟೆ ನೋಡಿ ಇಳಿಯುವಷ್ಟರಲ್ಲಿ ಬಸ್ಸು ತಪ್ಪಿತ್ತಂತೆ. "ನಮಗೇ ಜಾಗ ಸಾಲದಲ್ಲ" ಎಂಬ ಮಾತು ನನ್ನ ಬಾಯಿಂದ ಬಂದೇಬಿಟ್ಟಿತು. ಅಕ್ಕಿ ತೊಳೆಯುತ್ತಿದ್ದ ನಮ್ಮ ಹಿರಿಯ ಗೆಳತಿ ನನ್ನತ್ತ ನೋಡಲೂ ಇಲ್ಲ. ಮರುದಿನಕ್ಕೆಂದು ಕಟ್ಟಿದ್ದ ಅಕ್ಕಿಯನ್ನೂ ಅದೇ ಪಾತ್ರೆಗೆ ಸುರಿದು, "ಒಳಗೆ ಬನ್ನಿ, ತಲೆ ಒರೆಸಿಕೊಳ್ಳಿ" ಎಂದಳು. ಏಳು ಮಂದಿ ಉಂಡೆವು, ಒತ್ತೊತ್ತಿಗೆ ಮಲಗಿದೆವು.

ಬೆಳಿಗ್ಗೆ ಬರಿಹೊಟ್ಟೆಯಲ್ಲೇ ಬೆಟ್ಟ ಹತ್ತಿದೆವು. ಒಂದಾದ ಮೇಲೊಂದು ಹೆಬ್ಬಾಗಿಲು, ಕಾವಲಿನವರ ಕಟ್ಟೆಗಳು, ಕೊಳಗಳು, ಕಾಶಿ ವಿಶ್ವನಾಥನ ಗುಡಿ. ಅರಮನೆಯ ಜಾಗದಲ್ಲಿ ಉಳಿದಿರುವುದು ಜಗಲಿ, ಕಂಬದ ಬುಡಗಳು ಮಾತ್ರ. ಆದರೆ ಅಡುಗೆಮನೆಯಲ್ಲಿ ಐದು ಉರಿಯ ಕಲ್ಲಿನ ಒಲೆಯೊಂದು ಹಾಗೇ ಇದೆ. ಸಿಂಹಾಸನ ಹೋದರೂ ಒಲೆ ಉಳಿದಿದೆಯಲ್ಲ ಎಂದು ನಕ್ಕೆವು. ನಗು ನಿಂತ ಮೇಲೆ ನನಗೆ ಚೆನ್ನಮ್ಮಾಜಿ ನೆನಪಾದಳು.

ಕವಲೇದುರ್ಗ ಕೆಳದಿ ಅರಸರ ಗಿರಿದುರ್ಗ. ಪತಿ ಸೋಮಶೇಖರ ನಾಯಕನ ನಂತರ ಚೆನ್ನಮ್ಮಾಜಿ ಸುಮಾರು 25 ವರ್ಷ ಈ ರಾಜ್ಯವಾಳಿದಳು. 1689ರಲ್ಲಿ ಸಂಭಾಜಿಯನ್ನು ಔರಂಗಜೇಬ ಕೊಲ್ಲಿಸಿದ. ಶಿವಾಜಿಯ ಇನ್ನೊಬ್ಬ ಮಗ ರಾಜಾರಾಮ ಮಾರುವೇಷದಲ್ಲಿ ದಕ್ಷಿಣಕ್ಕೆ ತಪ್ಪಿಸಿಕೊಂಡು ಬಂದ. ಆ ಹೊತ್ತಿಗಾಗಲೇ 1686ರಲ್ಲಿ ಬಿಜಾಪುರ, 1687ರಲ್ಲಿ ಗೋಲ್ಕೊಂಡ ಮೊಗಲರ ಪಾಲಾಗಿದ್ದವು. ಅಂಥ ದೊಡ್ಡ ರಾಜ್ಯಗಳೇ ಉಳಿಯದಿದ್ದಾಗ, ಬಂದವನಿಗೆ ಬಾಗಿಲು ತೆರೆದರೆ ಏನಾದೀತೆಂದು ರಾಣಿಗೆ ತಿಳಿಯದೆ ಇದ್ದೀತೆ? ಆದರೂ ಅವನಿಗೆ ಆಶ್ರಯ ಕೊಟ್ಟಳು. ಜಿಂಜಿಯ ದಾರಿಗೆ ದಾಟಿಸಿದಳು. ಮೊಗಲರ ದಂಡು ಬಂತು. ಚೆನ್ನಮ್ಮಾಜಿ ಎದುರು ನಿಂತಳು. ಕೊನೆಗೆ ಸಂಧಿಯಾಯಿತು, ರಾಜ್ಯ ಉಳಿಯಿತು. 1763ರಲ್ಲಿ ಹೈದರಾಲಿ ಬಿದನೂರನ್ನು ಹಿಡಿಯುವವರೆಗೂ ಆ ಮನೆತನದ ಆಳ್ವಿಕೆ ನಡೆಯಿತು.

ರಾಜಾರಾಮ ಇದೇ ಒಲೆಯ ಅನ್ನ ಉಂಡನೆಂದು ನಾನು ಹೇಳಲಾರೆ. ಆದರೆ ಆಶ್ರಯ ಎಂದು ನಾವು ಚರಿತ್ರೆಯ ಪುಸ್ತಕದಲ್ಲಿ ಒಂದೇ ಪದದಲ್ಲಿ ಓದಿ ಮುಗಿಸುವುದು, ಯಾರದೋ ಅಡುಗೆಮನೆಯಲ್ಲಿ ಇನ್ನೊಂದು ಪಾವು ಅಕ್ಕಿಯಾಗಿ ಬೇಯಲೇಬೇಕು. ರಾಣಿ ಪಣಕ್ಕಿಟ್ಟದ್ದು ಇಡೀ ರಾಜ್ಯವನ್ನು. ನಾನು ಪಣಕ್ಕಿಡಬೇಕಾಗಿದ್ದದ್ದು ಒಂದು ರಾತ್ರಿಯ ನಿದ್ದೆ, ಒಂದು ಹೊತ್ತಿನ ಉಪ್ಪಿಟ್ಟು! ಅದಕ್ಕೇ ನನ್ನ ಕೈ ಹಿಂದೆಗೆದಿತ್ತು.

ಕೆಳಗಿಳಿದಾಗ ಹುಡುಗಿಯರು ಬಸ್ಸು ಹತ್ತಿ ಹೋಗಿಯಾಗಿತ್ತು. ಡೇರೆಯ ಮುಂದೆ ನಮ್ಮ ಪಾತ್ರೆಗಳನ್ನು ತಿಕ್ಕಿ, ತೊಳೆದು, ಬಿಸಿಲಿಗೆ ಬೋರಲಿಟ್ಟಿದ್ದರು. ಅವರಿಗೆ ಹೇಳಬೇಕಾಗಿದ್ದ ಮಾತು ನನ್ನಲ್ಲೇ ಉಳಿಯಿತು. ಈಗ ಎಲ್ಲಿಗೆ ಹೊರಟರೂ ಒಂದು ಪಾವು ಅಕ್ಕಿ ಹೆಚ್ಚಿಗೆ ಕಟ್ಟಿಕೊಳ್ಳುತ್ತೇನೆ.