ಹೊಯ್ಸಳರ ಹೆಸರಿನ ಬೋಗಿ

ಪ್ರಯಾಣ ಹೊರಟವರಿಗೆ ಯಾವ ಕಾಲದಲ್ಲೂ ಮೂರು ಚಿಂತೆ: ಊಟ ಎಲ್ಲಿ, ಮಲಗುವುದೆಲ್ಲಿ, ನೋಡಬೇಕಾದ್ದನ್ನು ತೋರಿಸುವವರು ಯಾರು. ರಾಜರು ಪಟ್ಟಕ್ಕೆ ಬಂದದ್ದು, ಯುದ್ಧ ಗೆದ್ದದ್ದು, ದಾನ ಕೊಟ್ಟದ್ದು ಎಲ್ಲವನ್ನೂ ನಾವು ಇಸವಿ ಹಾಕಿ ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ. ಈ ಮೂರು ಚಿಂತೆಗಳಿಗೆ ಮಾತ್ರ ನಮ್ಮ ಪಠ್ಯಪುಸ್ತಕದಲ್ಲಿ ಒಂದು ಪುಟವೂ ಇಲ್ಲ. ಅರಸೀಕೆರೆಯಂಥ ಜಂಕ್ಷನ್ ಊರಿನಲ್ಲಿ ಸಮಾಜ ವಿಜ್ಞಾನದ ಮೇಡಂ ಆಗಿರುವ ನನಗೆ ಆ ಪುಟ ಇರಬೇಕಿತ್ತು ಅನ್ನಿಸಿದ್ದುಂಟು. ಏಕೆಂದರೆ ನಮ್ಮೂರು ಬದುಕಿದ್ದೇ ದಾರಿಹೋಕರಿಂದ.

ಹೊಯ್ಸಳರ ಕಾಲದಿಂದಲೇ ಹೊರಡೋಣ. 1117ರಲ್ಲಿ ವಿಷ್ಣುವರ್ಧನ ಬೇಲೂರಿನಲ್ಲಿ ಚೆನ್ನಕೇಶವನ ಪ್ರತಿಷ್ಠೆ ಮಾಡಿಸಿದ. ಕೆಲವೇ ವರ್ಷಗಳಲ್ಲಿ ದೋರಸಮುದ್ರದಲ್ಲಿ, ಅಂದರೆ ಇಂದಿನ ಹಳೇಬೀಡಿನಲ್ಲಿ, ಹೊಯ್ಸಳೇಶ್ವರನ ಗುಡಿ ಏಳತೊಡಗಿತು. 1220ರ ಹೊತ್ತಿಗೆ ಅರಸೀಕೆರೆಯೂ ಸಣ್ಣ ಊರಾಗಿರಲಿಲ್ಲ. ಇಲ್ಲಿನ ಈಶ್ವರ ದೇವಾಲಯವೂ ಸಹಸ್ರಕೂಟ ಜಿನಾಲಯವೂ ಆ ಕಾಲದವೇ. ಇಂಥ ಊರುಗಳಿಗೆ ಭಕ್ತರು, ವರ್ತಕರು, ಶಿಲ್ಪಿಗಳು ದೂರದೂರದಿಂದ ಬರುತ್ತಿದ್ದರು. ಕನ್ನಡ ಶಾಸನಗಳಲ್ಲಿ ಸತ್ರಕ್ಕೆ, ಅರವಟ್ಟಿಗೆಗೆ ಭೂಮಿ ಬಿಟ್ಟ ಮಾತು ಮತ್ತೆ ಮತ್ತೆ ಬರುತ್ತದೆ. ಸತ್ರವೆಂದರೆ ಅನ್ನ, ಅರವಟ್ಟಿಗೆಯೆಂದರೆ ದಾರಿಯ ನೀರು. ಗದ್ದೆಯ ಹುಟ್ಟುವಳಿಯಿಂದ ಅತಿಥಿಯ ಊಟ ನಡೆಯಬೇಕೆಂಬುದು ಲೆಕ್ಕ. ಇದರಲ್ಲಿ ಜಾತಿಯ ಪಂಕ್ತಿ ಇರಲಿಲ್ಲವೆಂದು ನಾನು ಹೇಳುವುದಿಲ್ಲ. ಇತ್ತು, ಚೆನ್ನಾಗಿಯೇ ಇತ್ತು. ಆದರೂ ಒಂದು ಮಾತು ನಿಜ. ಬಂದವನು ಉಣ್ಣುತ್ತಿದ್ದದ್ದು ಆ ಊರಿನ ಅಕ್ಕಿ, ಕುಡಿಯುತ್ತಿದ್ದದ್ದು ಆ ಊರಿನ ಕೆರೆಯ ನೀರು.

1311ರಲ್ಲಿ ಮಲಿಕ್ ಕಾಫರನ ಸೈನ್ಯ ಬಂತು. ಆಮೇಲಿನ ದಾಳಿಗಳಲ್ಲಿ ದೋರಸಮುದ್ರ ಪೂರ್ತಿ ಸೊರಗಿ ಹಾಳುಬೀಡಾಯಿತು. ಬೇಲೂರಿನಲ್ಲಿ ಪೂಜೆ ಉಳಿಯಿತು, ಹಳೇಬೀಡಿನಲ್ಲಿ ಕಲ್ಲು ಉಳಿಯಿತು. ಆ ಕಲ್ಲನ್ನು ನೋಡಲೆಂದೇ ಬರುವ ಹೊಸ ಜಾತಿಯ ಪ್ರಯಾಣಿಕರು ಹತ್ತೊಂಬತ್ತನೆಯ ಶತಮಾನದಲ್ಲಿ ಕಾಣಿಸಿಕೊಂಡರು. 1856ರಲ್ಲಿ ರಿಚರ್ಡ್ ಬ್ಯಾನರ್ ಓಕ್ಲಿ ಎಂಬ ಇಂಗ್ಲಿಷ್ ಸೈನ್ಯಾಧಿಕಾರಿ ಹಳೇಬೀಡಿನ ಗುಡಿಯ ಫೋಟೋಗಳನ್ನು ತೆಗೆದ. ಜೇಮ್ಸ್ ಫರ್ಗ್ಯುಸನ್ ತನ್ನ 1876ರ ವಾಸ್ತುಶಿಲ್ಪದ ಇತಿಹಾಸದಲ್ಲಿ ಹಳೇಬೀಡನ್ನು ಗ್ರೀಸಿನ ಪಾರ್ಥೆನಾನ್ ಜೊತೆಗಿಟ್ಟು ತೂಗಿದ. 1919ರಲ್ಲಿ ಆರ್. ನರಸಿಂಹಾಚಾರ್ಯರು ಬೇಲೂರಿನ ಕೇಶವ ದೇವಾಲಯದ ಮೇಲೆ ಒಂದು ಪುಸ್ತಕವನ್ನೇ ಬರೆದರು. ಇಂಥ ಪ್ರವಾಸಿಗರಿಗೆ ಹಳೆಯ ಮೈಸೂರು ಸೀಮೆಯಲ್ಲಿ ಟ್ರಾವೆಲರ್ಸ್ ಬಂಗಲೆಗಳಿದ್ದವು. ದೇಶೀಯರಿಗೆ ಮುಸಾಫರಖಾನೆ, ಛತ್ರ. ಬಂಗಲೆಯ ಬಟ್ಲರು ಊರಿನವನೇ. ಕೋಳಿ, ಮೊಟ್ಟೆ, ಹಾಲು ಊರಿನದೇ. ಅತಿಥಿ ಎಷ್ಟು ದೊಡ್ಡವನಾದರೂ ಸಂತೆಯ ದಿನ ಯಾವುದೆಂದು ಅವನು ಕೇಳಲೇಬೇಕಿತ್ತು.

ರೈಲು ಬಂದದ್ದು ಇದನ್ನೆಲ್ಲ ಬದಲಿಸಿತು. ಬೆಂಗಳೂರಿನಿಂದ ಹೊರಟ ಮೀಟರ್ ಗೇಜ್ ಹಳಿ ಅರಸೀಕೆರೆಯನ್ನು ಹಾದು 1889ರಲ್ಲಿ ಹರಿಹರ ಮುಟ್ಟಿತು. ಮುಂದೆ ಹಾಸನದ ಮೇಲೆ ಮೈಸೂರಿಗೆ ಇನ್ನೊಂದು ಹಳಿ ಬಿದ್ದಾಗ ನಮ್ಮೂರು ಜಂಕ್ಷನ್ ಆಯಿತು. ಬೇಲೂರು, ಹಳೇಬೀಡುಗಳಿಗೆ ಆಗ ರೈಲೇ ಇರಲಿಲ್ಲ. ರೈಲಿನಲ್ಲಿ ಬಂದವರು ಹಾಸನದಲ್ಲೋ ಬಾಣಾವರದಲ್ಲೋ ಅರಸೀಕೆರೆಯಲ್ಲೋ ಇಳಿದು ಗಾಡಿಯನ್ನೋ ಬಸ್ಸನ್ನೋ ಹಿಡಿಯಬೇಕು. ಕಾಯುವುದೆಂದರೆ ಹಸಿವು. ಹಸಿವೆಂದರೆ ಸ್ಟೇಷನ್ನಿನ ಕಾಫಿ, ಇಡ್ಲಿ, ಉದ್ದಿನವಡೆ.

ನಮ್ಮಪ್ಪ ಆ ಕಾಫಿ ಮಾಡುತ್ತಿದ್ದವರು. ಪ್ಲಾಟ್‌ಫಾರಂ ಮೇಲಿನ ಸಸ್ಯಾಹಾರಿ ಸ್ಟಾಲಿನಲ್ಲಿ ದಿನಗೂಲಿ. ಬೆಳಗಿನ ಜಾವ ಮೂರಕ್ಕೆ ಎದ್ದು ಹೋದರೆ ಮೊದಲ ಗಾಡಿಗೆ ಡಿಕಾಕ್ಷನ್ ಇಳಿದಿರಬೇಕು. ಕಲ್ಲಿದ್ದಲ ಎಂಜಿನ್ನಿಗೆ ನೀರು ತುಂಬಿಸುವಷ್ಟು ಹೊತ್ತು, ಹಾಸನದ ಕಡೆಯ ಬೋಗಿಗಳನ್ನು ಬಿಡಿಸಿ ಜೋಡಿಸುವಷ್ಟು ಹೊತ್ತು ಗಾಡಿ ನಿಂತಿರುತ್ತಿತ್ತು. ಅಷ್ಟರಲ್ಲಿ ನಮ್ಮ ಸಂಸಾರದ ಅನ್ನ ಹುಟ್ಟಬೇಕು. ಫಸ್ಟ್ ಕ್ಲಾಸಿನ ಕಿಟಕಿಗೂ ಮೂರನೆಯ ದರ್ಜೆಯ ಕಿಟಕಿಗೂ ಒಂದೇ ಕಾಫಿ ಹೋಗುತ್ತಿತ್ತು, ಲೋಟ ಮಾತ್ರ ಬೇರೆ ಎಂದು ಅಪ್ಪ ನಗುತ್ತಿದ್ದರು. ಬೇಲೂರಿಗೆ ಹೋಗುವ ಬಸ್ಸು ಎಷ್ಟು ಹೊತ್ತಿಗೆ, ಜಾವಗಲ್ಲಿನ ಮೇಲೆ ಹೋದರೆ ಹಳೇಬೀಡು ಹತ್ತಿರವೋ ದೂರವೋ ಎಂದು ಕೇಳಿದವರಿಗೆಲ್ಲ ಅವರೇ ಪ್ರವಾಸೋದ್ಯಮ ಇಲಾಖೆ. ಶಾಲೆ ಕಂಡದ್ದು ನಾಲ್ಕನೆಯ ತರಗತಿಯವರೆಗೆ. ಆದರೂ ಶಾಂತಲೆಯ ಹೆಸರನ್ನು ಕಾಫಿಯ ಜೊತೆಗೆ ಎಷ್ಟು ಜನಕ್ಕೆ ಹೇಳಿದರೋ ಲೆಕ್ಕವಿಲ್ಲ.

1990ರ ದಶಕದಲ್ಲಿ ಹಳಿ ಬ್ರಾಡ್ ಗೇಜ್ ಆಯಿತು. ಗಾಡಿಗಳು ಉದ್ದವಾದವು, ವೇಗವಾದವು, ನಿಲ್ಲುವ ಹೊತ್ತು ಕಡಿಮೆಯಾಯಿತು. ಊರಿಗೆ ಇದರಿಂದ ಒಳ್ಳೆಯದೇ ಆಯಿತು. ನಮ್ಮ ತೆಂಗಿನಕಾಯಿ, ಕೊಬ್ಬರಿ ದೂರದ ಮಾರುಕಟ್ಟೆ ಕಂಡವು. ಆದರೆ ಎರಡು ನಿಮಿಷದಲ್ಲಿ ಎಷ್ಟು ಲೋಟ ಕಾಫಿ ಮಾರಲು ಸಾಧ್ಯ? ಅಪ್ಪ ಸ್ಟಾಲು ಬಿಟ್ಟರು. ಯಾರ ಮೇಲೂ ದೂರು ಹೇಳಲಿಲ್ಲ. ಗಾಡಿ ಮುಂದಕ್ಕೆ ಹೋಗಬೇಕಲ್ಲವಾ ಎಂದರು.

ಈಚೆಗೆ ಅಮೆರಿಕದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಊರಿಗೆ ಬಂದಾಗ ಮನೆಗೆ ಬಂದಿದ್ದಳು. ಗಂಡನ ಜೊತೆ ಹಡಗಿನಲ್ಲಿ ಅಂಟಾರ್ಕ್ಟಿಕಾಕ್ಕೆ ಹೋಗಿಬಂದಿದ್ದಾಳೆ. "ಮೇಡಂ, ಹಡಗು ಅಂದರೆ ಒಂದು ಊರೇ. ನಮ್ಮ ಕ್ಯಾಬಿನ್ನು ಯಾವ ಅಂತಸ್ತಿನಲ್ಲಿದೆ ಅನ್ನೋದರ ಮೇಲೆ ದುಡ್ಡು. ಊಟಕ್ಕೆ ಕೂತರೆ ಪಕ್ಕದಲ್ಲಿ ಯಾವ ದೇಶದವರೋ. ರಾತ್ರಿ ಊಟಕ್ಕೆ ಮುಂಚೆ ನಾಳೆ ಏನು ನೋಡ್ತೀರಿ ಅಂತ ಒಬ್ಬರು ಪಾಠ ಮಾಡ್ತಾರೆ, ಥೇಟ್ ನಿಮ್ಮ ಹಾಗೇ. ದಡಕ್ಕೆ ಇಳಿಯೋದಕ್ಕೆ ಗುಂಪು, ಸರದಿ. ಕೆಲವಕ್ಕೆ ಮೊದಲೇ ಹೆಸರು ಬರೆಸಬೇಕು," ಎಂದು ಹೇಳುತ್ತಾ ಹೋದಳು. ಕೇಳಿದ ಮೇಲೆ ಅದರ ಇತಿಹಾಸವನ್ನೂ ಹುಡುಕಿ ಓದಿದೆ. ಲಾರ್ಸ್ ಎರಿಕ್ ಲಿಂಡ್‌ಬ್ಲಾಡ್ ಎಂಬುವನು 1966ರಲ್ಲಿ ಪ್ರವಾಸಿಗರನ್ನು ಅಲ್ಲಿಗೆ ಕರೆದೊಯ್ದ. 1969ರಲ್ಲಿ ಇಂಥ ಯಾನಕ್ಕೆಂದೇ ಒಂದು ಪುಟ್ಟ ಕೆಂಪು ಹಡಗು ಕಟ್ಟಿಸಿದ. ದೊಡ್ಡ ಹಡಗು ಹೋಗಲಾರದ ಕಡೆ ರಬ್ಬರ್ ದೋಣಿಯಲ್ಲಿ ಜನರನ್ನು ಇಳಿಸುವ ಪದ್ಧತಿ ಅಲ್ಲಿಂದ ಬೆಳೆಯಿತು. ಆ ಹಡಗು 2007ರಲ್ಲಿ ಅಂಟಾರ್ಕ್ಟಿಕಾದ ನೀರಿನಲ್ಲೇ ಮುಳುಗಿತು, ಜನರೆಲ್ಲ ಉಳಿದರು. ಈಗ ಆ ಯಾನ ನಡೆಸುವವರು ತಮಗೆ ತಾವೇ ಒಂದು ಕಟ್ಟು ಹಾಕಿಕೊಂಡಿದ್ದಾರೆ: ಒಂದು ಜಾಗದಲ್ಲಿ ಒಂದು ಸಲಕ್ಕೆ ನೂರು ಪ್ರವಾಸಿಗರಿಗಿಂತ ಹೆಚ್ಚು ದಡಕ್ಕೆ ಇಳಿಯಕೂಡದು.

ಇಂಥ ಹಡಗು ನಮ್ಮ ಬಯಲುಸೀಮೆಗೆ ಬರುವುದು ಎಲ್ಲಿಂದ? ಮಂಗಳೂರಿನ ಬಂದರಿಗೆ ವಿದೇಶಿ ಪ್ರವಾಸಿ ಹಡಗುಗಳು ಬರುವುದುಂಟು. ಇಳಿದವರು ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕಾರ್ಕಳದ ಗೊಮ್ಮಟ ನೋಡಿ ಸಂಜೆಗೆ ಹಡಗಿಗೆ ಮರಳುತ್ತಾರೆ. ಘಟ್ಟ ಹತ್ತಿ ಬೇಲೂರಿಗೆ ಬಂದು ಹೋಗುವಷ್ಟು ಹೊತ್ತು ಅವರಿಗಿಲ್ಲ. ಆದರೆ ಹಡಗಿನ ಕ್ರಮವನ್ನೇ ಹಳಿಯ ಮೇಲೆ ಹತ್ತಿಸಿದ ಒಂದು ಗಾಡಿ ನಮ್ಮಲ್ಲಿಗೂ ಬಂತು. ಅದೇ 2008ರಲ್ಲಿ ಹೊರಟ ಗೋಲ್ಡನ್ ಚಾರಿಯಟ್. ರಾಜಸ್ಥಾನದಲ್ಲಿ 1982ರಲ್ಲೇ ಪ್ಯಾಲೇಸ್ ಆನ್ ವೀಲ್ಸ್ ಶುರುವಾಗಿತ್ತು. ನಮ್ಮದು ಹಂಪಿಯ ಕಲ್ಲಿನ ರಥದ ಹೆಸರು ಹೊತ್ತು, ನೇರಳೆ ಮತ್ತು ಚಿನ್ನದ ಬಣ್ಣದಲ್ಲಿ ಬಂತು. ರಾಜ್ಯದ ಪ್ರವಾಸೋದ್ಯಮ ಅಭಿವೃದ್ಧಿ ನಿಗಮವೂ ರೈಲ್ವೆಯೂ ಸೇರಿ ನಡೆಸಿದವು. ನಡುವೆ ನಿಂತುಹೋಗಿ, 2019ರಲ್ಲಿ ಐಆರ್‌ಸಿಟಿಸಿ ಕೈಗೆ ಹೋಗಿ, 2024ರ ಡಿಸೆಂಬರಿನಲ್ಲಿ ಮತ್ತೆ ಹೊರಟಿತು.

ಅದರ ಏರ್ಪಾಟು ನೋಡಿ. 2008ರಲ್ಲಿ ಹೊರಟಾಗ ಮಲಗುವ ಬೋಗಿಗಳು ಹನ್ನೊಂದು, ಬೋಗಿಗೆ ನಾಲ್ಕರಂತೆ ಕ್ಯಾಬಿನ್ ನಲವತ್ತನಾಲ್ಕು ಇದ್ದವು. ಊಟದ ಬೋಗಿ ಎರಡು: ಒಂದು 'ನಳ', ಇನ್ನೊಂದು 'ರುಚಿ'. ಬಾರಿಗೆ 'ಮದಿರಾ', ಮೈ ನೀವಿಸಿಕೊಳ್ಳುವ ಬೋಗಿಗೆ 'ಆರೋಗ್ಯ'. ಊಟ, ಹಾಸಿಗೆ, ಬಸ್ಸು, ಗೈಡು ಎಲ್ಲ ಟಿಕೆಟ್ಟಿನಲ್ಲೇ ಸೇರಿದೆ. ಟಿಕೆಟ್ಟು ಮಾತ್ರ ಲಕ್ಷದ ಮಾತು. ರಾತ್ರಿಯೆಲ್ಲ ಗಾಡಿ ಓಡುತ್ತದೆ, ಹಗಲು ಅತಿಥಿಗಳು ಇಳಿದು ಬಸ್ಸಿನಲ್ಲಿ ನೋಡಿ ಬರುತ್ತಾರೆ. ಯಾತ್ರಿಕನ ಹಳೆಯ ಮೂರು ಚಿಂತೆಗಳೂ ಒಂದೇ ಏಟಿಗೆ ತೀರಿದವು.

ಇತಿಹಾಸದ ಮೇಡಂಗೆ ಖುಷಿ ಕೊಡುವ ಸಂಗತಿ ಅದರ ಬೋಗಿಗಳ ಹೆಸರು. ಕದಂಬ, ಗಂಗ, ಶಾತವಾಹನ, ಚಾಲುಕ್ಯ, ರಾಷ್ಟ್ರಕೂಟ, ಹೊಯ್ಸಳ, ಸಂಗಮ, ವಿಜಯನಗರ, ಬಹಮನಿ, ಆದಿಲ್‌ಶಾಹಿ, ಯದುಕುಲ. ಒಂಬತ್ತನೆಯ ತರಗತಿಯಲ್ಲಿ ಇದನ್ನೇ ಕರಿಹಲಗೆಯ ಮೇಲೆ ಬರೆದು, ಕಾಲಾನುಕ್ರಮದಲ್ಲಿ ಜೋಡಿಸಿ ಎಂದು ಹೇಳಿದ್ದೆ. ಚುರುಕಿನ ಹುಡುಗಿಯೊಬ್ಬಳು ಎದ್ದು, "ಮೇಡಂ, ಸಂಗಮ ವಂಶದವರು ವಿಜಯನಗರದವರೇ ಅಲ್ವಾ? ಎರಡು ಬೋಗಿ ಯಾಕೆ?" ಎಂದಳು. ತರಗತಿ ಚಪ್ಪಾಳೆ ತಟ್ಟಿತು. ಅವಳದು ಮುಗಿದಿರಲಿಲ್ಲ. "ಹೊಯ್ಸಳ ಬೋಗಿಯಲ್ಲಿ ಅರಸೀಕೆರೆಯವರು ಯಾರಾದರೂ ಕೂತಿದ್ದಾರಾ?" ಎಂದು ಕೇಳಿದಳು. ಆ ಪ್ರಶ್ನೆಗೆ ಕರಿಹಲಗೆಯಲ್ಲಿ ಉತ್ತರವಿಲ್ಲ.

ಹಾಸನದ ಕಡೆಯಿಂದ ಹಂಪಿಯ ಕಡೆಗೆ ಹೋಗುವ ರೈಲಿಗೆ ನಮ್ಮೂರೇ ದಾರಿ. ಒಂದು ರಾತ್ರಿ ಆ ಗಾಡಿ ಸಿಗ್ನಲ್ಲಿಗೆ ಕಾದು ನಿಂತದ್ದನ್ನು ನಾನು ನೋಡಿದ್ದೇನೆ. ಪರದೆಯ ಹಿಂದೆ ಹಳದಿ ದೀಪ, ಬಿಳಿಯ ಮೇಜುಬಟ್ಟೆ. ಒಂದು ಬಾಗಿಲೂ ತೆಗೆಯಲಿಲ್ಲ. ಪ್ಲಾಟ್‌ಫಾರಮ್ಮಿನ ಕಾಫಿಯ ಹುಡುಗ ಕ್ಯಾನು ಹಿಡಿದು ಅಭ್ಯಾಸಬಲದಿಂದ ಎರಡು ಹೆಜ್ಜೆ ಮುಂದೆ ಹೋದ, ಆಮೇಲೆ ತಾನೇ ನಿಂತುಕೊಂಡ. ಅತಿಥಿಗಳ ತಪ್ಪು ಇದರಲ್ಲಿ ಏನೂ ಇಲ್ಲ. ಅಡುಗೆಮನೆಯನ್ನು ಜೊತೆಗೇ ಒಯ್ಯುವವರಿಗೆ ದಾರಿಯ ಊರು ಬೇಕಾಗುವುದಿಲ್ಲ, ಅಷ್ಟೇ. ಸತ್ರದಲ್ಲಿ ಊರು ಅತಿಥಿಗೆ ಬಡಿಸುತ್ತಿತ್ತು, ಬಂಗಲೆಯಲ್ಲಿ ಊರಿನ ಬಟ್ಲರು, ಸ್ಟೇಷನ್ನಿನಲ್ಲಿ ನಮ್ಮಪ್ಪ. ನಳನ ಬೋಗಿಗೆ ಬರುವ ಹೊತ್ತಿಗೆ ಊರು ಕಿಟಕಿಯ ಆಚೆ ಉಳಿಯಿತು.

ನಮ್ಮ ಶಾಲೆಯ ಪ್ರವಾಸದಲ್ಲೂ ಇವೇ ಮೂರು ಚಿಂತೆ, ಬೇರೆ ಅಳತೆಯಲ್ಲಿ. ಒಂದು ಬಸ್ಸಿಗೆ ಐವತ್ತೈದು ಮಕ್ಕಳು, ನಾಲ್ಕು ಜನ ಮೇಷ್ಟ್ರು ಮೇಡಂಗಳು. ಮೂರು ತಿಂಗಳು ಮುಂಚೆಯೇ ಮಕ್ಕಳಿಂದ ಹತ್ತು ಇಪ್ಪತ್ತು ಕೂಡಿಸಿಕೊಳ್ಳುತ್ತೇವೆ. ಚಿತ್ರಾನ್ನ, ಮೊಸರನ್ನ ಬಸ್ಸಿನ ಹಿಂದಿನ ಸೀಟಿನಲ್ಲಿ. ಬೇಲೂರಿಗೆ ಮಧ್ಯಾಹ್ನ ತಲುಪಿದರೆ ದೇವಸ್ಥಾನದ ದಾಸೋಹ. ಗೈಡಿನ ದುಡ್ಡು ಉಳಿಸಲು ನಾನೇ ಗೈಡು. ಹೊಯ್ಸಳೇಶ್ವರನ ಗುಡಿಯ ಜಗತಿಯ ಮೇಲೆ ಒಂದು ಆನೆಯಂತೆ ಇನ್ನೊಂದು ಆನೆಯಿಲ್ಲ, ಹುಡುಕಿ ನೋಡಿ ಎಂದರೆ ಮಕ್ಕಳು ಒಂದು ಗಂಟೆ ಮಿಸುಕುವುದಿಲ್ಲ. ಒಂದು ಸಲ ಯಾರೋ ವಿಶೇಷ ಅತಿಥಿಗಳು ಬರುತ್ತಾರೆಂದು ನಮ್ಮ ಮಕ್ಕಳ ಸಾಲನ್ನು ಬಿಸಿಲಿಗೆ ಸರಿಸಿ ನಿಲ್ಲಿಸಿದರು. ಅತಿಥಿಗಳು ಕಾಲು ಗಂಟೆಯಲ್ಲಿ ನೋಡಿ ಹೊರಟುಹೋದರು. ಬರಿಗಾಲಿನ ಮಕ್ಕಳು ಕಾದ ಕಲ್ಲಿನ ಮೇಲೆ ಒಂದು ಕಾಲು ಬದಲಿಸಿ ಇನ್ನೊಂದು ಕಾಲಿನಲ್ಲಿ ನಿಂತಿದ್ದದ್ದು ಇನ್ನೂ ಕಣ್ಣ ಮುಂದಿದೆ.

2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಇನ್ನು ಮೇಲೆ ಜನ ಹೆಚ್ಚು ಬರುತ್ತಾರೆ, ಬರಲಿ. ಜನವೇ ಇಲ್ಲದ ಹಿಮದ ದಡಕ್ಕೆ ಸಲಕ್ಕೆ ನೂರೇ ಮಂದಿ ಎಂಬ ನಿಯಮವಿರಬಹುದಾದರೆ, ಸಾವಿರಾರು ಕೈ ಸವರಿ ನುಣುಪಾಗುವ ನಮ್ಮ ಬಳಪದ ಕಲ್ಲಿಗೂ ಒಂದು ಸರದಿ ಇರಬಹುದು. ಆದರೆ ಆ ಸರದಿಯಲ್ಲಿ ಲಕ್ಷದ ಟಿಕೆಟ್ಟಿಗೂ ಹತ್ತು ಇಪ್ಪತ್ತು ಕೂಡಿಸಿದ ಟಿಕೆಟ್ಟಿಗೂ ಒಂದೇ ಜಾಗ ಇರಬೇಕು. ಜೊತೆಗೆ ಇನ್ನೊಂದು ಬೇಡಿಕೆ. ಅರಸೀಕೆರೆಯ ಈಶ್ವರ ದೇವಾಲಯದ ಹದಿನಾರು ಮೂಲೆಯ ನಕ್ಷತ್ರಾಕಾರದ ಮಂಟಪ ಊರೊಳಗೇ ಇದೆ. ಹೋಗುವ ಗಾಡಿ ಇಲ್ಲಿ ಒಂದು ಗಂಟೆ ನಿಲ್ಲಲಿ, ಅತಿಥಿಗಳು ಇಳಿದು ನೋಡಲಿ, ಒಂದು ಹೊತ್ತಿನ ತಿಂಡಿಯಾದರೂ ಊರಿನವರ ಕೈಯಲ್ಲಿ ತಿನ್ನಲಿ. ರಾಗಿರೊಟ್ಟಿಗೆ ಹುಚ್ಚೆಳ್ಳಿನ ಚಟ್ನಿ ಹಾಕಿಕೊಡಬಲ್ಲ ಹೆಂಗಸರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಗಾಡಿಯವರಿಗೆ ಇದರಿಂದ ನಷ್ಟವೇನಿಲ್ಲ. ಅತಿಥಿಗೆ ನಳನ ಮೇಜಿನಲ್ಲಿ ಸಿಗದ ಒಂದು ರುಚಿ ಸಿಕ್ಕೀತು.

ಹೊಯ್ಸಳರ ಗುಡಿಗಳಲ್ಲಿ ಒಂದು ವಿಶೇಷವಿದೆ. ಶಿಲ್ಪಿಗಳು ತಮ್ಮ ಹೆಸರನ್ನು ಕಲ್ಲಿನ ಮೇಲೆ ಬರೆದಿದ್ದಾರೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಎಂದು ಬೇಲೂರಿನಲ್ಲಿ ಇಂದಿಗೂ ಓದಬಹುದು. ರಾಜರ ಹೆಸರಿಗೆ ಹನ್ನೊಂದು ಬೋಗಿಗಳಾದವು. ಅದರಲ್ಲಿ ಎರಡು ಹೇಗೂ ಒಂದೇ ಸಾಮ್ರಾಜ್ಯದ್ದು. ಅವುಗಳಲ್ಲೊಂದಕ್ಕೆ ದಾಸೋಜನ ಹೆಸರಿಟ್ಟರೆ ವಿಜಯನಗರಕ್ಕೆ ಏನೂ ಕಡಿಮೆಯಾಗದು. ದಾಸೋಜನಿಗೆ ಮುದ್ದೆ ಬೇಯಿಸಿ ಹಾಕಿದವರ ಹೆಸರನ್ನು ಮಾತ್ರ ಯಾವ ಕಲ್ಲೂ ಹೇಳುವುದಿಲ್ಲ. ಅದಕ್ಕೇ ಈ ಪುಟ ಬರೆದೆ.